ಪ್ರತಿಕ್ರಿಯೆ: ಜರ್ಮನಿಯ ಪಿಎಚ್‌.ಡಿ.ಗೆ ಹೊಲ ಅಡವಿಡಬೇಕೇ?

ಗದಗದಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿ ನೇರವಾಗಿ ಜರ್ಮನಿಯಲ್ಲಿ ಪಿಎಚ್‌.ಡಿ. ಮಾಡಬಹುದೇ, ಅದಕ್ಕೆ ತಂದೆಯವರು ಹೊಲ ಅಡವಿಡಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಹೊಲವನ್ನು ಮುಟ್ಟಬೇಡಿ. ಅಲ್ಲಿ ಎಂಜಿನಿಯರಿಂಗ್ ಪಿಎಚ್‌.ಡಿ. ಎಂದರೆ ಬಹುಮಟ್ಟಿಗೆ ನೌಕರಿಯೇ. ವಿಶ್ವವಿದ್ಯಾಲಯ ನಿಗದಿತ ಅವಧಿಗೆ ಒಪ್ಪಂದ ಮಾಡಿಕೊಂಡು ಸಂಬಳ ಕೊಡುತ್ತದೆ. ಆದರೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಕೇಳುತ್ತಾರೆ. ಅದನ್ನೂ ಅಲ್ಲಿಯೇ ಮಾಡುವುದಾದರೆ ಬಹುತೇಕ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ನಿಜ. ವೀಸಾಕ್ಕೆ ಮಾತ್ರ ಒಂದು ವರ್ಷದ ಖರ್ಚಿನ ಹಣವನ್ನು ಮೊದಲೇ ತೋರಿಸಬೇಕು. ಸಾಲದ ಮಾತು ಬರುವುದು ಅಲ್ಲಿ. ಎಂ.ಟೆಕ್. ಪ್ರವೇಶಕ್ಕಿರುವ ಗೇಟ್ ಪರೀಕ್ಷೆ ಬರೆದು ಇಲ್ಲಿಯೇ ಓದಿದರೆ ತಿಂಗಳಿಗೆ 12,400 ರೂಪಾಯಿ ಶಿಷ್ಯವೇತನವಾದರೂ ಸಿಗುತ್ತದೆ. ಬಿ.ಇ. ಆದ ಕೂಡಲೇ ಪಿಎಚ್‌.ಡಿ. ಎನ್ನುವುದಾದರೆ ಅಮೆರಿಕದ ಕಡೆ ನೋಡಿ.

ಪಿಎಚ್‌.ಡಿ.ಗೆ ಅವಕಾಶ ಕೇಳಿ ಪ್ರಾಧ್ಯಾಪಕರಿಗೆ ಪತ್ರ ಬರೆಯುವ ವಿಷಯ ಇನ್ನೂ ಮುಖ್ಯ. ನಾನು ಕಳಿಸಿದ ಮೊದಲ ನಲವತ್ತು ಇಮೇಲ್‌ಗಳಿಗೆ ಒಂದೂ ಉತ್ತರ ಬರಲಿಲ್ಲ. ಎಲ್ಲದರಲ್ಲೂ ಹೆಸರಷ್ಟೇ ಬೇರೆ, ಸಾಲುಗಳು ಅವೇ. ಆಮೇಲೆ ಹುಬ್ಬಳ್ಳಿಯ ವಿದ್ಯಾನಗರದ ಬಾಡಿಗೆ ಕೋಣೆಯಲ್ಲಿ ಕುಳಿತು ಒಬ್ಬ ಪ್ರಾಧ್ಯಾಪಕರ ಸಂಶೋಧನಾ ಲೇಖನವನ್ನು ಮೂರು ಸಲ ಓದಿದೆ. ಅದರ ನಾಲ್ಕನೆಯ ಚಿತ್ರದಲ್ಲಿ ಬೆಸುಗೆಯ ಬಿರುಕು ಒಂದೇ ಬದಿಗೆ ಏಕೆ ಹಬ್ಬಿದೆ ಎಂದು ಐದು ಸಾಲಿನಲ್ಲಿ ಕೇಳಿದೆ. ಮರುದಿನವೇ ಉತ್ತರ ಬಂತು!

ರಜೆಯಲ್ಲಿ ಧಾರವಾಡದ ಐಐಟಿಯ ಪ್ರಾಧ್ಯಾಪಕರನ್ನು ಕಂಡು ಪ್ರಯೋಗಾಲಯದಲ್ಲಿ ಸಣ್ಣ ಕೆಲಸವಿದೆಯೇ ಎಂದು ವಿಚಾರಿಸಿ. ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರು ಬರೆಯುವ ಶಿಫಾರಸು ಪತ್ರಕ್ಕೆ ತೂಕ ಹೆಚ್ಚು. ಇಮೇಲ್‌ನ ಕರಡು ಸಿದ್ಧವಾದರೆ ಇಲ್ಲಿಯೇ ಹಾಕಿ, ಖಂಡಿತ ಓದಿ ತಿದ್ದಿಕೊಡುತ್ತೇನೆ.