ಬೆಲ್ವೆಡೆರ್ ಕಟ್ಸಿದ್ದು ಚಕ್ರವರ್ತಿ ಅಲ್ಲ, ಇನ್ನೆಷ್ಟು ಸಲ ಹೇಳೋದು

ಪ್ರಶ್ನೆ: ಸರ್, ವಿಯೆನ್ನಾದ ಬೆಲ್ವೆಡೆರ್ ಆಸ್ಟ್ರಿಯಾ ಆಳಿದ ಹ್ಯಾಬ್ಸ್‌ಬರ್ಗ್ ರಾಜರು ಕಟ್ಸಿದ ಅರಮನೆ, 1918ರಲ್ಲಿ ಅವರು ಹೋದ್ಮೇಲೆ ಮ್ಯೂಸಿಯಂ ಆಯ್ತು ಅಂತಾರೆ. ಹಾಗಾದ್ರೆ ಅಲ್ಲಿರೋ ಪೇಂಟಿಂಗ್ಸ್ ಎಲ್ಲ ಅರಮನೆಯ ಹಳೇ ಕಲೆಕ್ಷನ್ನಾ?

ಉತ್ತರ: ಮೂರೂ ತಪ್ಪು. ರೀಲ್ಸ್ ಮಾಡೋರು ಒಬ್ಬರದ್ದು ಒಬ್ಬರು ಕಾಪಿ ಹೊಡ್ದು ಇದನ್ನೇ ಹರಡ್ತಿದಾರೆ, ನಂಗೆ ಇದೇ ಪ್ರಶ್ನೆ ಮತ್ತೆ ಮತ್ತೆ ಬರ್ತಾನೇ ಇದೆ. ಕಟ್ಸಿದ್ದು ಸವಾಯ್ ಮನೆತನದ ಪ್ರಿನ್ಸ್ ಯೂಜೀನ್, ಅವನು ಸೇನಾಪತಿ. ಫ್ರಾನ್ಸ್‌ನ 14ನೇ ಲೂಯಿ ಸೈನ್ಯಕ್ಕೆ ಸೇರಿಸ್ಕೊಳ್ಳಲ್ಲ ಅಂದಿದ್ದಕ್ಕೆ ಆಸ್ಟ್ರಿಯಾ ಕಡೆ ಬಂದು, ತುರ್ಕರ ಮೇಲೆ ಯುದ್ಧ ಗೆದ್ದು ದೊಡ್ಡ ಮನುಷ್ಯ ಆದ. ಬೆಲ್ವೆಡೆರ್ ಅಂದ್ರೆ ಎರಡು ಅರಮನೆ, ಹಿಲ್ಡೆಬ್ರಾಂಟ್ ಅನ್ನೋ ಆರ್ಕಿಟೆಕ್ಟ್ 1716ಕ್ಕೆ ಕೆಳಗಿನ ಅರಮನೆ, 1723ಕ್ಕೆ ಮೇಲಿನದ್ದು ಮುಗಿಸಿಕೊಟ್ಟ. 1736ರಲ್ಲಿ ಯೂಜೀನ್ ಉಯಿಲು ಬರೀದೇ ತೀರ್ಕೊಂಡ, ಆಸ್ತಿಯೆಲ್ಲ ಅಣ್ಣನ ಮಗಳು ವಿಕ್ಟೋರಿಯಾ ಪಾಲಾಯ್ತು, ಅವಳು ಚಿತ್ರಗಳನ್ನ ಟ್ಯೂರಿನ್‌ನ ರಾಜನಿಗೆ ಮಾರಿದ್ಳು, ಅರಮನೆನ 1752ರಲ್ಲಿ ಹ್ಯಾಬ್ಸ್‌ಬರ್ಗ್ ರಾಣಿ ಮರಿಯಾ ತೆರೇಸಾಗೆ ಮಾರಿದ್ಳು. ಅಂದ್ರೆ ಮೂಲ ಕಲೆಕ್ಷನ್ ಅವಾಗ್ಲೇ ಊರು ಬಿಟ್ಟಿತ್ತು.

ಈಗ ಮುಖ್ಯವಾದದ್ದು ಕೇಳಿ. ಮೇಲಿನ ಅರಮನೆಗೆ ರಾಜಮನೆತನದ ಚಿತ್ರಗಳನ್ನ ತಂದು, ಮೆಕೆಲ್ ಅನ್ನೋರ ಕೈಲಿ ಶೈಲಿ, ಕಾಲದ ಪ್ರಕಾರ ಜೋಡಿಸಿ, 1781ರಲ್ಲೇ ಜನರಿಗೆ ತೆರೆದ್ರು. ಪ್ಯಾರಿಸ್‌ನ ಲೂವ್ರ್ ತೆರೆದಿದ್ದು 1793ರಲ್ಲಿ! ಅದಕ್ಕೇ 1918ರ ಕಥೆ ಕೇಳಿದ್ರೆ ನಂಗೆ ಸಿಟ್ಟು ಬರೋದು, ಇಷ್ಟು ದೊಡ್ಡ ವಿಷಯನೇ ಅಳಿಸಿ ಹೋಗುತ್ತೆ. 1891ರಲ್ಲಿ ಆ ಚಿತ್ರಗಳು ಹೊಸದಾಗಿ ಕಟ್ಟಿದ ಕಲಾ ಇತಿಹಾಸ ಮ್ಯೂಸಿಯಂಗೆ ಹೋದ್ವು, ಆಮೇಲೆ ಮೇಲಿನ ಅರಮನೇಲಿ ಯುವರಾಜ ಫ್ರಾಂಜ್ ಫರ್ಡಿನಾಂಡ್ 1914ರಲ್ಲಿ ಕೊಲೆ ಆಗೋವರೆಗೂ ವಾಸ ಇದ್ದ. ಈಗಿನ ಮ್ಯೂಸಿಯಂನ ಬೇರು 1903ರಲ್ಲಿ ಕೆಳಗಿನ ಅರಮನೇಲಿ ಶುರುವಾದ ಮಾಡರ್ನ್ ಗ್ಯಾಲರಿ, ಅಂದ್ರೆ ರಾಜರು ಇನ್ನೂ ಇದ್ದಾಗ್ಲೇ. ಚಿತ್ರಕಾರ ಕ್ಲಿಮ್ಟ್‌ನ 'ಕಿಸ್' ಅನ್ನೋ ಹೆಸರಾಂತ ಪೇಂಟಿಂಗ್ ಕೂಡ 1908ರಲ್ಲಿ ಸರ್ಕಾರ ದುಡ್ಡು ಕೊಟ್ಟು ಕೊಂಡಿದ್ದು, ಯೂಜೀನ್‌ಗೂ ಅದಕ್ಕೂ ಏನೂ ಸಂಬಂಧ ಇಲ್ಲ.

ಪ್ರಶ್ನೆ: 'ಕಿಸ್'ನಲ್ಲಿರೋದು ನಿಜವಾದ ಚಿನ್ನಾನಾ?
ಉತ್ತರ: ಹೌದು, ಚಿನ್ನದ ರೇಕು.

ಪ್ರಶ್ನೆ: ಕ್ಲಿಮ್ಟ್ ಬರೆದ ಅಡೆಲೆ ಬ್ಲಾಕ್-ಬಾವರ್ ಅನ್ನೋ ಹೆಂಗಸಿನ ಚಿನ್ನದ ಚಿತ್ರ ಯಾವ ರೂಮಲ್ಲಿದೆ?
ಉತ್ತರ: ಯಾವ ರೂಮಲ್ಲೂ ಇಲ್ಲ. ನಾಜಿಗಳು ಕಿತ್ಕೊಂಡಿದ್ದನ್ನ 2006ರಲ್ಲಿ ವಾರಸುದಾರರಿಗೆ ವಾಪಸ್ ಕೊಡಬೇಕಾಯ್ತು, ಕೊಟ್ಟಿದ್ದೇ ನ್ಯಾಯ. ಈಗ ನ್ಯೂಯಾರ್ಕ್‌ನಲ್ಲಿದೆ. ಹಳೇ ಗೈಡ್‌ಬುಕ್ ನಂಬ್ಕೊಂಡು ಹೋಗ್ಬೇಡಿ.

ಪ್ರಶ್ನೆ: ಟೂರ್‌ನವ್ರು ಒಂದು ಗಂಟೆ ಕೊಡ್ತಾರೆ, ಸಾಕಾ?
ಉತ್ತರ: ಸಾಲಲ್ಲ, ಬಸ್ ಬಿಟ್ಟು ನೀವೇ ಹೋಗಿ. ಮೇಲಿನ, ಕೆಳಗಿನ ಅರಮನೆಗೆ ಟಿಕೆಟ್ ಬೇರೆ ಬೇರೆ, ನೋಡಿ ತಗೊಳ್ಳಿ. 'ಕಿಸ್' ಇರೋದು ಮೇಲಿನದ್ರಲ್ಲಿ.