ಹೊಗೆಸೊಪ್ಪು ಒಣಗಬೇಕೆಂದರೆ ಪುತ್ತರಿ ಕಳೆಯಲಿ

ಹಿತ್ತಲ ಕೃಷಿ: ಓದುಗರ ಪ್ರಶ್ನೆ, ಪೊನ್ನಂಪೇಟೆ ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾ, ನಮ್ಮದು ನಾಪೋಕ್ಲು ಹತ್ತಿರ. ಹಿತ್ತಲಲ್ಲಿ ಹತ್ತಿಪ್ಪತ್ತು ಹೊಗೆಸೊಪ್ಪಿನ ಗಿಡ ಹಾಕಿದ್ದೆ. ಮೊದಲ ಮಳೆಗೆ ನೆಟ್ಟೆ. ಗಿಡ ಎದೆಮಟ್ಟ ಬಂತು, ಎಲೆ ಮೊರದಗಲ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯಲ್ಲಿ, ಕೊಯ್ದು ಅಟ್ಟದಲ್ಲಿ ಕಟ್ಟಿದೆ. ಎರಡೇ ವಾರಕ್ಕೆ ಬೂಷ್ಟು ಹಿಡಿದು ಕಪ್ಪಾಯಿತು. ನಮ್ಮ ಅಜ್ಜಿ ಇದೇ ಅಟ್ಟದಲ್ಲಿ ಒಣಗಿಸುತ್ತಿದ್ದರು. ನನ್ನದು ಯಾಕೆ ಹಾಳಾಯಿತು?

ಉತ್ತರ: ನೀವು ಗಿಡ ಬೆಳೆಸಿದ್ದರಲ್ಲಿ ಏನೂ ತಪ್ಪಿಲ್ಲ. ತಪ್ಪಿದ್ದು ತಿಂಗಳು. ನೀವು ಪಿರಿಯಾಪಟ್ಟಣದ ಲೆಕ್ಕ ಹಿಡಿದಿದ್ದೀರಿ. ಅಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಮಡಿ ಮಾಡಿ, ಮೇ, ಜೂನ್‌ನಲ್ಲಿ ನಾಟಿ ಮುಗಿಸಿ, ಜುಲೈ ಕೊನೆಯಿಂದ ಎಲೆ ಮುರಿಯುತ್ತಾರೆ. ಅವರಿಗೆ ಮಳೆ ಕಡಿಮೆ. ಅದಕ್ಕಿಂತ ಮುಖ್ಯ, ಅವರಿಗೆ ಬ್ಯಾರನ್, ಅಂದರೆ ಎಲೆ ಬೇಯಿಸುವ ಮನೆ, ಇದೆ. ಹೊರಗೆ ಎಷ್ಟೇ ಮಳೆ ಹೊಡೆಯಲಿ, ಒಳಗೆ ಬೆಂಕಿಯ ಕಾವಿನಲ್ಲಿ ಎಲೆ ಒಣಗುತ್ತದೆ. ನಮಗೆ ಇರುವುದು ಗಾಳಿ ಮಾತ್ರ. ಕಕ್ಕಡದ ಗಾಳಿಯಲ್ಲಿ ನಾಪೋಕ್ಲಿನಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ದಪ್ಪ ನರ ಇರುವ ಹೊಗೆಸೊಪ್ಪು ಹೇಗೆ ಒಣಗುತ್ತದೆ ಹೇಳಿ.

ಅಜ್ಜಿಯ ಕಾಲದಲ್ಲಿ ಅಟ್ಟದ ಕೆಳಗೆ ಒಲೆ ಇತ್ತು. ಬೆಳಗ್ಗೆ ಹಚ್ಚಿದರೆ ರಾತ್ರಿವರೆಗೂ ಉರಿಯುತ್ತಿತ್ತು. ಬಿಸಿನೀರಿನ ಹಂಡೆ ಬೇರೆ. ಆ ಕಾವು, ಆ ಹೊಗೆ ಎರಡೂ ಮೇಲಕ್ಕೆ ಹೋಗಿ ಎಲೆಯ ನೀರು ಎಳೆಯುತ್ತಿತ್ತು. ಈಗ ನಿಮ್ಮ ಮನೆಯಲ್ಲಿ ಗ್ಯಾಸ್ ಇರಬಹುದು. ಅಟ್ಟ ಅದೇ ಆದರೂ ಕೆಳಗಿನ ಒಲೆ ಇಲ್ಲ.

ಆದ್ದರಿಂದ ಕೊಡಗಿನಲ್ಲಿ ನಾನು ಹೇಳುವ ಲೆಕ್ಕ ಬೇರೆ. ಕೈಲ್ ಪೋಳ್ದ್ ಹಬ್ಬ ಮುಗಿಯುತ್ತಿದ್ದಂತೆ, ಅಂದರೆ ಸೆಪ್ಟೆಂಬರ್ ಮೊದಲ ವಾರ, ಮಾಡಿನ ಕೆಳಗೆ ಟ್ರೇನಲ್ಲಿ ಬೀಜ ಹಾಕಿ. ಕಾವೇರಿ ಸಂಕ್ರಮಣ ಕಳೆದ ಮೇಲೆ, ಅಕ್ಟೋಬರ್ ಕೊನೆಗೆ, ಸಸಿ ನೆಲಕ್ಕೆ ಹೋಗಲಿ. ಪುತ್ತರಿ, ನಮ್ಮ ಸುಗ್ಗಿ ಹಬ್ಬ, ಕಳೆದು ಜನವರಿ ಹೊತ್ತಿಗೆ ಕೆಳಗಿನ ಎಲೆ ಹಣ್ಣಾಗುತ್ತದೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬರುವ ಮೊದಲು ಬಹುಪಾಲು ಎಲೆ ಒಳಗೆ ಬಂದಿರುತ್ತದೆ. ನೀರು ಕೊಡಬೇಕಾಗುತ್ತದೆ ನಿಜ. ಆದರೆ ಒಂದೆರಡು ಸಾಲು ಗಿಡಕ್ಕೆ ಕೊಡದಲ್ಲಿ ಹೊಯ್ದರೂ ಸಾಕು. ಗಿಡದಿಂದ ಗಿಡಕ್ಕೆ ಎರಡೂವರೆ ಅಡಿಯಾದರೂ ಬಿಡಿ.

ಇನ್ನೊಂದು ಮಾತು. ಕಾಫಿಗೆ ತಂದ ಎಂಒಪಿ, ಆ ಕೆಂಪು ಪೊಟ್ಯಾಷ್, ಉಳಿದಿದೆ ಎಂದು ಇದಕ್ಕೆ ಹಾಕಿದಿರಾ? ಹಾಕಿದ್ದರೆ ಅದೂ ಬೂಷ್ಟಿಗೆ ದಾರಿ ಮಾಡಿದೆ. ಅದರಲ್ಲಿ ಕ್ಲೋರೈಡ್ ಇರುತ್ತದೆ. ಹೊಗೆಸೊಪ್ಪು ಅದನ್ನು ಎಲೆಗೆ ಎಳೆದುಕೊಳ್ಳುತ್ತದೆ, ಆಮೇಲೆ ಒಣಗಿದ ಎಲೆಯೂ ಗಾಳಿಯ ತೇವ ಹೀರುತ್ತಾ ಇರುತ್ತದೆ. ಪೊಟ್ಯಾಷ್ ಕೊಡಲೇಬೇಕಿದ್ದರೆ ಸಲ್ಫೇಟ್ ಆಫ್ ಪೊಟ್ಯಾಷ್ ಕೊಡಿ. ಕೊಟ್ಟಿಗೆ ಗೊಬ್ಬರ ನೆಡುವಾಗಲೇ ಮುಗಿಸಿ. ಕೊನೆಕೊನೆಗೆ ಸಾರಜನಕ ಸಿಕ್ಕಿದರೆ ಎಲೆ ಹಸಿರಾಗಿಯೇ ನಿಲ್ಲುತ್ತದೆ, ಹಣ್ಣಾಗುವುದೇ ಇಲ್ಲ.

ಪ್ರಶ್ನೆ: ಬೀಜ ಎಷ್ಟು ಹಾಕಿದರೂ ಮೊಳೆಯುತ್ತಿಲ್ಲ. ಬೀಜವೇ ಹಳತೋ ಏನೋ. — ಓದುಗರು, ಸೋಮವಾರಪೇಟೆ

ಉತ್ತರ: ನೀವು ಮಣ್ಣು ಮುಚ್ಚಿದ್ದೀರಿ, ಅಲ್ವಾ? ಒಂದು ಗ್ರಾಂಗೆ ಸುಮಾರು ಹತ್ತು ಸಾವಿರ ಬೀಜ ಬರುತ್ತದೆ, ಅಷ್ಟು ಸಣ್ಣದು. ಮೊಳೆಯಲು ಬೆಳಕೂ ಬೇಕು. ಚಿಟಿಕೆ ಬೀಜವನ್ನು ಒಣ ಮರಳಿನ ಜೊತೆ ಬೆರೆಸಿ ಮೇಲೆ ಉದುರಿಸಿ, ಅಂಗೈಯಲ್ಲಿ ಮೆಲ್ಲಗೆ ಒತ್ತಿ. ಮುಚ್ಚಬೇಡಿ. ನೀರು ಮೇಲಿಂದ ಸುರಿದರೆ ಬೀಜ ಒಂದು ಮೂಲೆಗೆ ಹೋಗುತ್ತದೆ. ಟ್ರೇಯನ್ನೇ ನೀರಿನ ತಟ್ಟೆಯಲ್ಲಿಟ್ಟು ಕೆಳಗಿಂದ ಹೀರಿಸಿ. ಒಂದೂವರೆ ವಾರದೊಳಗೆ ಹಸಿರು ಕಾಣುತ್ತದೆ.

ಪ್ರಶ್ನೆ: ಅಕ್ಕಾ, ಎಲೆ ಯಾವಾಗ ಕೊಯ್ಯಬೇಕು, ಹೇಗೆ ಒಣಗಿಸಬೇಕು ಎಂದು ಒಮ್ಮೆ ಬಿಡಿಸಿ ಹೇಳಿ. ನಮ್ಮದು ಒಣಗುತ್ತದೆ, ಆದರೆ ಹಸಿರಾಗಿಯೇ ಒಣಗುತ್ತದೆ. — ಸಿದ್ದಾಪುರ

ಉತ್ತರ: ಈ ಪ್ರಶ್ನೆ ಕೇಳಿದ್ದು ನನಗೆ ನಿಜವಾಗಿ ಖುಷಿಯಾಯಿತು. ಹೊಗೆಸೊಪ್ಪಿನ ಕೆಲಸದಲ್ಲಿ ಮುಕ್ಕಾಲು ಪಾಲು ಇರುವುದು ಕೊಯ್ದ ಮೇಲೆ.

ಮೊದಲು ಗಿಡದ ಮಾತು. ಮೊಗ್ಗು ಕಂಡ ಕೂಡಲೇ ಕುಡಿ ಚಿವುಟಿ. ಹೂವಿಗೆ ಬಿಟ್ಟರೆ ಸತ್ವ ಮೇಲೆ ಹೋಗುತ್ತದೆ, ಎಲೆ ತೆಳ್ಳಗಾಗುತ್ತದೆ. ಕುಡಿ ಚಿವುಟಿದ ಮೇಲೆ ಎಲೆಯ ಕಂಕುಳಲ್ಲಿ ಚಿಗುರು ಬರುತ್ತದೆ, ವಾರಕ್ಕೊಮ್ಮೆ ಅದನ್ನೂ ಮುರಿಯಿರಿ. ಬೀಜಕ್ಕೆಂದು ಒಂದೇ ಗಿಡ ಬಿಡಿ, ಒಂದು ಗಿಡದ ಬೀಜ ಇಡೀ ಊರಿಗೆ ಸಾಕು.

ಹಣ್ಣಾದ ಎಲೆಗೆ ಅದರದೇ ಲಕ್ಷಣ ಇದೆ. ಬುಡದ ಎಲೆ ಮೊದಲು. ಕಡು ಹಸಿರು ಇಳಿದು ತಿಳಿಯಾಗುತ್ತದೆ, ಅಂಚು ಹಳದಿಗೆ ತಿರುಗುತ್ತದೆ, ತುದಿ ಕೆಳಗೆ ಬಾಗುತ್ತದೆ. ಎಲೆಯ ಮೇಲೆ ಬೆರಳಾಡಿಸಿದರೆ ಅಂಟುತ್ತದೆ. ಆ ಅಂಟು ಕೈಗೆ ಹತ್ತಿ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ, ಸೋಪಿಗೆ ಒಂದೇ ಸಲಕ್ಕೆ ಹೋಗುವುದಿಲ್ಲ. ಇಂಥ ಎಲೆಯನ್ನು ಕೆಳಕ್ಕೆ ಒತ್ತಿದರೆ ಕಾಂಡದಿಂದ ಟಕ್ ಎಂದು ಬಿಟ್ಟುಕೊಳ್ಳುತ್ತದೆ. ವಾರಕ್ಕೆ ಎರಡು ಮೂರು ಎಲೆ, ಕೆಳಗಿಂದ ಮೇಲಕ್ಕೆ.

ಈಗ ನಿಮ್ಮ ಹಸಿರಿನ ಕಷ್ಟ. ಕೊಯ್ದ ಎಲೆ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಅದರಲ್ಲಿ ಜೀವ ಇರುತ್ತದೆ. ಆ ದಿನಗಳಲ್ಲೇ ಹಸಿರು ಕರಗಿ ಹಳದಿ ಬರುತ್ತದೆ, ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಅದಕ್ಕೆ ಮೊದಲೇ ಬಿಸಿಲಿಗೆ ಹಾಕಿದರೆ ಎಲೆ ಸತ್ತು ಹಸಿರು ಅಲ್ಲೇ ಉಳಿಯುತ್ತದೆ. ವಾಸನೆಯೂ ಹುಲ್ಲಿನದ್ದೇ. ಫೆಬ್ರುವರಿಯಲ್ಲಿ ಸಿದ್ದಾಪುರ ಕಡೆ ಮಧ್ಯಾಹ್ನದ ಗಾಳಿ ತುಂಬಾ ಒಣ. ಕಾಫಿ ಕಣದಲ್ಲಿ ಹರಡಿದ್ದೀರಿ ಎಂದು ನನ್ನ ಅನುಮಾನ. ಕಣ ಕಾಫಿಗೆ ಸರಿ, ಹೊಗೆಸೊಪ್ಪಿಗೆ ಬೇಡ.

ಹೀಗೆ ಮಾಡಿ. ಕೊಯ್ದ ಎಲೆಯನ್ನು ನೆರಳಲ್ಲಿ ಒಂದೆರಡು ದಿನ ತೆಳ್ಳಗೆ ಪೇರಿಸಿಟ್ಟು, ಮೇಲೆ ಒಂದು ಗೋಣಿ ಹೊದಿಸಿ. ಬೆಳಗ್ಗೆ ಸಂಜೆ ಕೈ ಒಳಗೆ ತೂರಿಸಿ ನೋಡಿ. ಬಿಸಿ ತಟ್ಟಿದರೆ ತಕ್ಷಣ ಬಿಡಿಸಿ ಮಗುಚಿ. ಬಾಡಿ ಹಳದಿ ಶುರುವಾದ ಮೇಲೆ ತೊಟ್ಟಿಗೆ ದಾರ ಪೋಣಿಸಿ ಗೋದಾಮಿನಲ್ಲಿ ತೂಗುಹಾಕಿ. ಎಲೆಗೆ ಎಲೆ ಅಂಟಬಾರದು. ಮಧ್ಯಾಹ್ನ ಬಾಗಿಲು ಮುಚ್ಚಿ, ರಾತ್ರಿ ಸ್ವಲ್ಪ ತೆರೆಯಿರಿ. ಮೋಡ ಬಂದು ತೇವ ಜಾಸ್ತಿಯಾದರೆ ಹಗಲೂ ಗಾಳಿ ಆಡಲು ಬಿಡಿ. ಹಳದಿ ಕಂದಾಗಲು, ನಡುನರ ಒಣಗಲು ಒಂದರಿಂದ ಎರಡು ತಿಂಗಳು ಹಿಡಿಯುತ್ತದೆ. ಅವಸರ ಮಾಡಬೇಡಿ.

ಎಲೆ ಒಣಗಿದೆಯೇ ಎಂದು ನೋಡಲು ಅಗಲ ಭಾಗ ಮುಟ್ಟಿ ಪ್ರಯೋಜನ ಇಲ್ಲ, ಅದು ಬೇಗ ಗರಿಗರಿಯಾಗುತ್ತದೆ. ನಡುನರದ ದಪ್ಪ ತುದಿ ಬಗ್ಗಿಸಿ. ಬಾಗಿದರೆ ಒಳಗೆ ನೀರಿದೆ. ಕಡ್ಡಿ ಮುರಿದ ಹಾಗೆ ಲಟಕ್ ಎಂದರೆ ಆಯಿತು. ಆದರೆ ಆಗಲೇ ಇಳಿಸಬೇಡಿ, ಮುಟ್ಟಿದರೆ ಪುಡಿಪುಡಿ. ಮಂಜು ಬಿದ್ದ ಬೆಳಗ್ಗೆ ಬಿಸಿಲು ಏರುವ ಮೊದಲು ಹೋಗಿ. ರಾತ್ರಿಯ ತೇವಕ್ಕೆ ಎಲೆ ಹದಕ್ಕೆ ಬಂದಿರುತ್ತದೆ. ಆಗ ಇಳಿಸಿ, ನೀವಿ, ಕಂತೆ ಕಟ್ಟಿ, ಹಲಗೆ ಹೇರಿಟ್ಟು ಕೆಲವು ತಿಂಗಳು ಬಿಡಿ. ಮೊದಮೊದಲು ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ನಿಧಾನಕ್ಕೆ ಇಳಿಯುತ್ತದೆ. ಜೂನ್ ಬರುವ ಮೊದಲು ಗಾಳಿ ಆಡದ ಡಬ್ಬಿಗೆ ಹಾಕಿಬಿಡಿ.

ಪ್ರಶ್ನೆ: ನಾವು ಕುಶಾಲನಗರದವರು. ಹೊಳೆ ದಾಟಿದರೆ ನೆಂಟರ ಹೊಗೆಸೊಪ್ಪಿನ ಹೊಲ. ಅವರಿಂದಲೇ ಸಸಿ ತಂದು, ಅವರ ಬ್ಯಾರನ್‌ನಲ್ಲೇ ನಮ್ಮ ನಾಲ್ಕು ಎಲೆ ಬೇಯಿಸಿಕೊಂಡರೆ ಆಗದೇ?

ಉತ್ತರ: ಬೇಡ. ಅವರು ಬೆಳೆಯುವುದು ಸಿಗರೇಟಿಗೆ ಹೋಗುವ ವರ್ಜೀನಿಯಾ. 1975ರ ತಂಬಾಕು ಮಂಡಳಿ ಕಾಯ್ದೆ ಪ್ರಕಾರ ಅದನ್ನು ಬೆಳೆಯುವವರು ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಹಿತ್ತಲಿಗೆ ನಾಟಿ ತಳಿ ಸಾಕು. ಬೇಯಿಸುವ ವಿಷಯಕ್ಕೂ ಬೇಡ ಎನ್ನುತ್ತೇನೆ. ಬ್ಯಾರನ್ ಎಂದರೆ ಹೊರಗೆ ಬೆಂಕಿ, ಒಳಗೆ ಕಬ್ಬಿಣದ ಕೊಳವೆ. ಸುಮಾರು 35 ಡಿಗ್ರಿಯಲ್ಲಿ ಎಲೆ ಹಳದಿ ಮಾಡಿ, ಮೆಲ್ಲಗೆ ಏರಿಸುತ್ತಾ ಕೊನೆಗೆ ನರ ಒಣಗಲು 70 ಡಿಗ್ರಿವರೆಗೆ ಒಯ್ಯುತ್ತಾರೆ. ಐದಾರು ದಿನ, ರಾತ್ರಿಯೂ ಯಾರಾದರೂ ಎದ್ದು ನೋಡುತ್ತಿರಬೇಕು. ನಿಮ್ಮ ದಪ್ಪ ಎಲೆ ಅವರ ಎಲೆಯ ಜೊತೆ ಒಟ್ಟಿಗೆ ಹದಕ್ಕೆ ಬರುವುದಿಲ್ಲ. ನೆಂಟರ ವರ್ಷದ ದುಡಿಮೆ ಅದರಲ್ಲಿದೆ.

ಪ್ರಶ್ನೆ: ಬೆಳಗ್ಗೆ ಎಲೆ ಮುರಿಯಲು ಮಗಳೂ ಬಂದಿದ್ದಳು, ಹತ್ತು ವರ್ಷ. ಮಧ್ಯಾಹ್ನಕ್ಕೆ ತಲೆಸುತ್ತು, ವಾಂತಿ. ಬಿಸಿಲಿಗೆ ಆಗಿರಬಹುದಾ? — ಶನಿವಾರಸಂತೆ

ಉತ್ತರ: ಅಮ್ಮಾ, ಅದು ಬಿಸಿಲಿಗಿಂತ ಹೊಗೆಸೊಪ್ಪಿನದ್ದೇ ಇರಬೇಕು. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದೊಳಗೆ ಇಳಿಯುತ್ತದೆ. ಹೊಗೆಸೊಪ್ಪು ಮುರಿಯುವ ಕೂಲಿಯವರಿಗೂ ಹೀಗೆ ಆಗುತ್ತದೆ. ಮಕ್ಕಳ ಮೈ ಸಣ್ಣದು, ಬೇಗ ತಾಗುತ್ತದೆ. ಇನ್ನು ಮಗಳನ್ನು ದಯವಿಟ್ಟು ಆ ಸಾಲಿನ ಹತ್ತಿರ ಬಿಡಬೇಡಿ. ನೀವೂ ಇಬ್ಬನಿ ಆರಿದ ಮೇಲೆ ಹೋಗಿ, ತುಂಬು ತೋಳಿನ ಅಂಗಿ, ರಬ್ಬರ್ ಗ್ಲೌಸ್ ಹಾಕಿ. ಮತ್ತೆ ಯಾರಿಗಾದರೂ ಹೀಗಾದರೆ ಬಟ್ಟೆ ಬದಲಿಸಿ, ಮೈ ಸೋಪು ಹಾಕಿ ತೊಳೆದು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹೊಗೆಸೊಪ್ಪು ಮುಟ್ಟಿದ್ದನ್ನು ಅವರಿಗೆ ಹೇಳಿ.

ಪ್ರಶ್ನೆ: ಅಂಗಡಿಯದ್ದಕ್ಕಿಂತ ಮನೆಯಲ್ಲಿ ಬೆಳೆದ ಹೊಗೆಸೊಪ್ಪು ಎಲೆಅಡಿಕೆಗೆ ಒಳ್ಳೆಯದಲ್ವಾ? ಔಷಧಿ ಹೊಡೆದಿಲ್ಲ. — ವಿರಾಜಪೇಟೆ

ಉತ್ತರ: ಅಲ್ಲ. ಬಾಯಿ ಕ್ಯಾನ್ಸರ್ ತರುವುದು ಹೊಗೆಸೊಪ್ಪೇ, ಹೊಡೆದ ಔಷಧಿ ಅಲ್ಲ. ಆ ವಿಷದ ಒಂದು ಭಾಗ ಎಲೆ ಒಣಗುವಾಗ, ಹದವಾಗುವಾಗ ಎಲೆಯಲ್ಲೇ ಹುಟ್ಟುತ್ತದೆ. ಅದರ ಜೊತೆ ಅಡಿಕೆ ಸೇರಿದರೆ ಇನ್ನೂ ಕೆಟ್ಟದ್ದು. ಬೆಳೆಯುವ ಕ್ರಮ ಕೇಳಿದವರಿಗೆಲ್ಲ ಮನಸಾರೆ ಹೇಳುತ್ತೇನೆ, ಆದರೆ ಬಾಯಿಗೆ ಹಾಕಿ ಎಂದು ಯಾರಿಗೂ ಹೇಳಲಾರೆ. ಈಗಾಗಲೇ ಅಭ್ಯಾಸ ಇರುವ ಹಿರಿಯರಿಗಾದರೆ ವರ್ಷಕ್ಕೊಮ್ಮೆ ಬಾಯಿ ತೋರಿಸಿ. ಬಿಳಿ ಕಲೆ, ಎರಡು ವಾರಕ್ಕೂ ಮಾಯದ ಹುಣ್ಣು ಕಂಡರೆ ಒಂದು ದಿನವೂ ಕಾಯಬೇಡಿ.

ಪ್ರಶ್ನೆ: ಹಾಗಾದರೆ ಉಳಿದ ಎಲೆ, ಕಡ್ಡಿ ಏನು ಮಾಡುವುದು? ಅಲಸಂದೆಗೆ ಹೇನು ಬಂದಿದೆ. ಟೊಮೇಟೊ ಎಲೆಯೂ ಚುಕ್ಕೆ ಚುಕ್ಕೆಯಾಗಿ ಸುರುಟಿದೆ. — ಗೋಣಿಕೊಪ್ಪ

ಉತ್ತರ: ಅಲಸಂದೆಗೆ ಆಗುತ್ತದೆ. 50 ಗ್ರಾಂ ಒಣ ಎಲೆ, ಕಡ್ಡಿ ಅರ್ಧ ಲೀಟರ್ ನೀರಲ್ಲಿ ಒಂದು ದಿನ ನೆನೆಸಿ ಸೋಸಿ. 12 ಗ್ರಾಂ ಬಾರ್ ಸೋಪು ಬೇರೆ ನೀರಲ್ಲಿ ಕರಗಿಸಿ ಸೇರಿಸಿ. ಇದಕ್ಕೆ ಆರೇಳು ಪಟ್ಟು ನೀರು ಬೆರೆಸಿ, ಜೇನುನೊಣ ಇಲ್ಲದ ಸಂಜೆ ಹೊತ್ತಲ್ಲಿ ಹೊಡೆಯಿರಿ. ಇದು ಗಟ್ಟಿ ವಿಷ, ಗಿಡದಿಂದ ಬಂದದ್ದು ಎಂದು ಸಲೀಸಾಗಿ ನೋಡಬೇಡಿ. ಅಡುಗೆ ಪಾತ್ರೆ ಬಳಸಬೇಡಿ. ನಾಳೆ ಕೊಯ್ಯುವ ಕಾಯಿಗೆ, ಸೊಪ್ಪಿಗೆ ಹೊಡೆಯಬೇಡಿ.

ಟೊಮೇಟೊ, ಮೆಣಸಿನಕಾಯಿ, ಬದನೆಗೆ ಮಾತ್ರ ಈ ನೀರು ಬೇಡವೇ ಬೇಡ. ನೀವು ಹೇಳುವ ಲಕ್ಷಣ ನೋಡಿದರೆ ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಇರಬಹುದು. ಅದು ಒಣಗಿದ ಎಲೆಯಲ್ಲೂ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ, ಕೈಯಿಂದ, ಕತ್ತಿಯಿಂದ ದಾಟುತ್ತದೆ. ಬೀಡಿ ಸೇದಿ ಬಂದ ಕೈಯಲ್ಲಿ ಟೊಮೇಟೊ ಮುಟ್ಟಿದರೂ ಸಾಕು. ಔಷಧಿ ಇಲ್ಲ. ಸುರುಟಿದ ಗಿಡ ಕಿತ್ತು ಸುಟ್ಟುಬಿಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಮುಂದಿನ ಸಲ ಹೊಗೆಸೊಪ್ಪನ್ನು ಹಿತ್ತಲ ಒಂದು ಕೊನೆಗೆ, ಟೊಮೇಟೊವನ್ನು ಇನ್ನೊಂದು ಕೊನೆಗೆ ಹಾಕಿ. ಕೆಲಸ ಟೊಮೇಟೊದಿಂದ ಶುರು ಮಾಡಿ, ಹೊಗೆಸೊಪ್ಪು ಕೊನೆಗೆ ಮುಟ್ಟಿ, ಕೈ ಸೋಪಿನಲ್ಲಿ ತೊಳೆದು ಒಳಗೆ ಹೋಗಿ.