ಮಾಸ್ಕ್ ಕೊಟ್ಟೆವು, ಇನ್ನೇನು ಬೇಕು ಎನ್ನುವವರಿಗೆ

ಸಾಂಕ್ರಾಮಿಕ ಶುರುವಾದರೆ ಸಾಕು, ಕೆಲಸದ ಜಾಗದ ಬಗ್ಗೆ ಅವೇ ಪ್ರಶ್ನೆಗಳು ಬಂದು ಬೀಳುತ್ತವೆ. ಕೈ ತೊಳೆಯುವುದು, ಜ್ವರ ಬಂದರೆ ಮನೆಯಲ್ಲಿರುವುದು, ಇವನ್ನೆಲ್ಲ ಮತ್ತೆ ಹೇಳುವುದಿಲ್ಲ.

ಪ್ರಶ್ನೆ: ನಮ್ಮದು ಕಾಲ್ ಸೆಂಟರ್. ಒಂದೇ ಹಾಲ್‌ನಲ್ಲಿ 40 ಜನ, ಕಿಟಕಿಗಳಿಗೆ ಸ್ಕ್ರೂ ಹೊಡೆದಿದ್ದಾರೆ, ದಿನವಿಡೀ ಎಸಿ. ಇಬ್ಬರಿಗೆ ಸೋಂಕು ಬಂದಿದೆ. ‘ಮಾಸ್ಕ್, ಸ್ಯಾನಿಟೈಸರ್ ಕೊಟ್ಟಿದ್ದೀವಲ್ಲ, ಇನ್ನೇನು ಬೇಕು?’ ಅಂತಾರೆ ಮ್ಯಾನೇಜರ್. ನಾಳೆಯಿಂದ ಬರಲ್ಲ ಅನ್ನುವ ಹಕ್ಕು ನನಗಿದೆಯಾ?

ಉತ್ತರ: ಸುಮ್ನೆ ಮನೆಯಲ್ಲಿ ಕೂತರೆ ಅದು ಗೈರುಹಾಜರಿ. ಮ್ಯಾನೇಜರ್ ಕೈಗೆ ನೀವೇ ಕೋಲು ಕೊಟ್ಟ ಹಾಗೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ 155ನೇ ಒಡಂಬಡಿಕೆ ಹೇಳುವುದು ಬೇರೆ. ಜೀವಕ್ಕೋ ಆರೋಗ್ಯಕ್ಕೋ ಗಂಭೀರ ಅಪಾಯ ಎದುರಿಗೇ ಇದೆ ಎಂದು ನಂಬಲು ತಕ್ಕ ಕಾರಣವಿದ್ದು ನೌಕರರು ಅಲ್ಲಿಂದ ಹೊರಬಂದರೆ, ಅದಕ್ಕಾಗಿ ಅವರಿಗೆ ತೊಂದರೆ ಕೊಡಬಾರದು. ಆದರೆ ಮೇಲಿನವರಿಗೆ ಕೂಡಲೇ ತಿಳಿಸಬೇಕು. ‘ಭಯ ಆಗುತ್ತಿದೆ’ ಎಂದು ಬರೆದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ‘ಕಿಟಕಿಗೆ ಸ್ಕ್ರೂ ಹೊಡೆದಿದ್ದಾರೆ’ ಎಂದು ಬರೆದರೆ ಉತ್ತರ ಕೊಡಬೇಕಾಗುತ್ತದೆ.

ಈಗ ಆ ಹಾಲ್‌ಗೆ ಬರೋಣ. ಗೋಡೆಗೆ ಹಾಕಿದ ಸ್ಪ್ಲಿಟ್ ಎಸಿ ಸಾಮಾನ್ಯವಾಗಿ ಹೊರಗಿನ ಗಾಳಿ ತರುವುದಿಲ್ಲ. ಒಳಗಿನ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ವಾಪಸ್ ಬಿಡುತ್ತದೆ. 40 ಜನ ಪಾಳಿಯುದ್ದಕ್ಕೂ ಮಾತಾಡಿ ಬಿಟ್ಟ ಉಸಿರು ಅಲ್ಲೇ ಸುತ್ತುತ್ತಿರುತ್ತದೆ. ಎಕ್ಸಾಸ್ಟ್ ಫ್ಯಾನ್ ಇದ್ದರೆ ಟಿಶ್ಯೂ ಪೇಪರಿನ ಒಂದು ತುಂಡನ್ನು ಅದರ ಜಾಲರಿಗೆ ಹಿಡಿದು ಬಿಡಿ. ಅಂಟಿಕೊಂಡರೆ ಗಾಳಿ ಎಳೆಯುತ್ತಿದೆ. ಕೆಳಗೆ ಬಿದ್ದರೆ ಫ್ಯಾನ್ ಇರುವುದು ಅಲಂಕಾರಕ್ಕೆ. ಕಾರ್ಬನ್ ಡೈಆಕ್ಸೈಡ್ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು, ಉಸಿರಿನಲ್ಲಿ ಬಿಟ್ಟ ಆ ಅನಿಲ ಎಷ್ಟು ತುಂಬಿಕೊಂಡಿದೆ ಎಂದು ಅದು ತೋರಿಸುತ್ತದೆ. ಬಯಲಲ್ಲಿ ಸುಮಾರು 420 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 420 ಪಾಲು) ತೋರಿಸುತ್ತದೆ. ಹಾಲ್‌ನಲ್ಲಿ 1500 ದಾಟಿದೆಯಾ? ಹಾಗಾದರೆ ಜನಕ್ಕೆ ತಕ್ಕಷ್ಟು ಹೊಸ ಗಾಳಿ ಬರುತ್ತಿಲ್ಲ.

ಇದನ್ನೆಲ್ಲ ಬಾಯಲ್ಲಿ ಹೇಳಬೇಡಿ, ಮೇಲ್ ಹಾಕಿ. ತಾರೀಕು, ಎಷ್ಟು ಜನ, ಮೀಟರ್ ಎಷ್ಟು ತೋರಿಸಿತು, ಎಲ್ಲ ಇರಲಿ. ಏನು ಬೇಕು ಎಂದೂ ಬರೆಯಿರಿ: ಕಿಟಕಿ ತೆರೆಯಬೇಕು, ಗಾಳಿಯಲ್ಲಿನ ಸಣ್ಣ ಕಣ ಹಿಡಿಯುವ ಹೆಪಾ ಫಿಲ್ಟರ್ ಯಂತ್ರ ಇಡಬೇಕು, ಪಾಳಿಗೆ ಅರ್ಧ ಜನ ಸಾಕು, ಆಗುವವರಿಗೆ ಮನೆಯಿಂದ ಕೆಲಸ ಕೊಡಬೇಕು. ಮಾಸ್ಕ್ ಬರುವುದು ಇವೆಲ್ಲ ಆದ ಮೇಲೆ. ಅದನ್ನೇ ಮೊದಲು ಕೊಟ್ಟು ಕೈತೊಳೆದುಕೊಳ್ಳುತ್ತಾರೆ, ಯಾಕೆಂದರೆ ಅದು ಅಗ್ಗ. ನಾಲ್ಕೈದು ಜನ ಸೇರಿ ಸಹಿ ಹಾಕಿ. ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಕಂಪನಿ ಮೇಲ್ ಯಾವತ್ತಾದರೂ ಬಂದ್ ಆಗಬಹುದು, ಅಲ್ವಾ?

ಕೆಲಸ ನಿಲ್ಲಿಸುವ ಮೊದಲು ಕಾರ್ಮಿಕ ಸಂಘವನ್ನೋ ವಕೀಲರನ್ನೋ ಕೇಳಿ. ಒಡಂಬಡಿಕೆಯ ಮಾತು ನಿಮ್ಮ ದೇಶದ ಕಾನೂನಿನಲ್ಲಿ ಎಷ್ಟು ಇಳಿದಿದೆ ಎನ್ನುವುದು ಮುಖ್ಯ. ಈ ವಿಷಯದಲ್ಲಿ ನಾನು ಸ್ವಲ್ಪ ಪುಕ್ಕಲು. ಕೆಲಸ ಕಳೆದುಕೊಂಡು ವಾದ ಗೆದ್ದವರ ಕಷ್ಟ ಜಾಸ್ತಿ ನೋಡಿದ್ದೇನೆ.

ಪ್ರಶ್ನೆ: ಮಾಸ್ಕಿನ ದುಡ್ಡನ್ನು ಸಂಬಳದಲ್ಲಿ ಹಿಡಿಯುತ್ತಿದ್ದಾರೆ.

ಉತ್ತರ: ತಪ್ಪು. ಸುರಕ್ಷತೆಯ ಖರ್ಚು ನೌಕರರ ಮೇಲೆ ಬೀಳಬಾರದು ಎಂದು ಅದೇ ಒಡಂಬಡಿಕೆಯಲ್ಲಿದೆ.

ಪ್ರಶ್ನೆ: ಸೋಂಕು ಬಂದವರ ಹೆಸರನ್ನು ಎಚ್‌ಆರ್ ಹೇಳುತ್ತಿಲ್ಲ.

ಉತ್ತರ: ಸರಿಯಾಗಿಯೇ ಇದೆ. ಯಾವ ದಿನ, ಯಾವ ಮಹಡಿ, ಅಷ್ಟು ಕೇಳಿ.

ಪ್ರಶ್ನೆ: ಗೇಟಿನಲ್ಲಿ ಮೈಮೇಲೆ ಔಷಧಿ ಸಿಂಪಡಿಸುವ ಸುರಂಗ ಹಾಕಿದ್ದಾರೆ. ರೋಗನಿರೋಧಕ ಶಕ್ತಿಗೆ ಅಂತ ಮಾತ್ರೆಯನ್ನೂ ಹಂಚುತ್ತಿದ್ದಾರೆ. ಒಳ್ಳೆಯದೇ ಅಲ್ವಾ?

ಉತ್ತರ: ಯಾವ ಪುಣ್ಯಾತ್ಮ ಇದನ್ನು ಮಾರಿದನೋ! ಜನರ ಮೈಮೇಲೆ ಹೀಗೆ ಸಿಂಪಡಿಸಲೇಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇನಲ್ಲೇ ಹೇಳಿತ್ತು. ಕಣ್ಣು, ಚರ್ಮ ಉರಿಯುತ್ತದೆ, ಉಸಿರಾಟಕ್ಕೆ ತೊಂದರೆಯಾಗುತ್ತದೆ. ಗಂಟಲಲ್ಲಿ ಕೂತ ವೈರಸ್ಸಿಗೆ ಏನೂ ಆಗುವುದಿಲ್ಲ. ಮಾತ್ರೆ ಹಂಚುವ ದುಡ್ಡಲ್ಲಿ ಕಿಟಕಿ ಸರಿ ಮಾಡಿಸಲಿ.

ಪ್ರಶ್ನೆ: ದಿನಾ ಗೇಟಿನಲ್ಲಿ ಜ್ವರ ನೋಡುತ್ತಾರಲ್ಲ, ಸಾಲದಾ?

ಉತ್ತರ: ಸಾಲದು. ಜ್ವರ ಬರುವ ಮೊದಲೇ ಸೋಂಕು ಹರಡುವವರು ಅದರಲ್ಲಿ ಸಿಕ್ಕಿಬೀಳುವುದಿಲ್ಲ.

ಪ್ರಶ್ನೆ: ಗಡ್ಡ ಬಿಟ್ಟವರಿಗೆ ಎನ್95 ಆಗುತ್ತದಾ?

ಉತ್ತರ: ಹಾಕಿಕೊಳ್ಳಬಹುದು, ಆದರೆ ಅಂಚಿನಲ್ಲಿ ಗಾಳಿ ಸೋರುತ್ತದೆ. ಬೋಳಿಸಿಕೊಳ್ಳುವುದೇ ವಾಸಿ.